ಘಟ್ಟದಲ್ಲಿ ಹಳೇ ಟರ್ಬೊ ಡೀಸೆಲ್ ಎಳೆಯದಿದ್ದರೆ: ಬೂಸ್ಟ್ ಮತ್ತು ಇಂಧನ ಕಡಿತದ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಸಂಪಾಜೆ ಘಟ್ಟ ಅರ್ಧ ಹತ್ತುವಷ್ಟರಲ್ಲಿ ಪಿಕಪ್ ಬಿದ್ದುಹೋಗುತ್ತದೆ, ಚೆಕ್ ಲೈಟ್ ಹತ್ತುತ್ತದೆ, ಎಷ್ಟು ಅದುಮಿದರೂ ಕಾರು ಮೇಲೇಳುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಸೆಲ್ಫ್ ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿನ ಸಮತಟ್ಟು ರಸ್ತೆಯಲ್ಲಿ ದೋಷ ಕಾಣಿಸುವುದಿಲ್ಲ. ಆಮೇಲೆ ಶುರುವಾಗುವುದು ಅಂದಾಜಿನ ಮೇಲೆ ಬಿಡಿಭಾಗ ಬದಲಿಸುವ ಕೆಲಸ: ಮೊದಲು ಡೀಸೆಲ್ ಫಿಲ್ಟರ್, ಆಮೇಲೆ ಏರ್‌ಫ್ಲೋ ಸೆನ್ಸರ್, ಕೊನೆಗೆ ಟರ್ಬೊ. ಹೊಸ ಟರ್ಬೊ ಕೂತ ಮೇಲೂ ಅದೇ ತಿರುವಿನಲ್ಲಿ ಅದೇ ಲೈಟ್ ಹತ್ತುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಕ್ರಮದಲ್ಲಿ. ಗಾಳಿ ಕಡಿಮೆಯಾಗಿ ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡಿತೋ, ಡೀಸೆಲ್ಲೇ ಸಾಲದೆ ಬೂಸ್ಟ್ (ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಬಿತ್ತೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅದು ಗೊತ್ತಾಗುವ ತನಕ ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬೇಡಿ. ಈ ಮಾರ್ಗದರ್ಶಿ ಮುಖ್ಯವಾಗಿ 2005ರಿಂದ 2015ರ ನಡುವಿನ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ರೈಲ್ ಎಂಬ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ) ಡೀಸೆಲ್ ಕಾರು ಮತ್ತು ಜೀಪುಗಳಿಗೆ. ಕಂಪ್ಯೂಟರ್ ಇಲ್ಲದ ಹಳೇ ಡಿಐ (ಡೈರೆಕ್ಟ್ ಇಂಜೆಕ್ಷನ್) ಗಾಡಿಗಳಿಗೆ ಬೇಕಾದ್ದು ಹತ್ತನೇ ಹಂತದಲ್ಲಿದೆ.

## ಮೊದಲು ಕೂಡಿಸಿಕೊಳ್ಳಬೇಕಾದ ಸಲಕರಣೆ

ಲೈವ್ ರೀಡಿಂಗ್ ತೋರಿಸಿ ಅದನ್ನು ಉಳಿಸಿಕೊಳ್ಳುವ ಸ್ಕ್ಯಾನರ್ ಇಲ್ಲದೆ ಈ ಕೆಲಸ ಆಗುವುದಿಲ್ಲ. ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಲವು ಕಾರುಗಳಿಗೆ ಸಾಕು. ಆದರೆ ನಮ್ಮ ದೇಶದಲ್ಲಿ ಒಬಿಡಿ 2 (ಕಾರಿನ ಕಂಪ್ಯೂಟರ್ ತನ್ನ ದೋಷಗಳನ್ನು ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದು 2013ರ ಏಪ್ರಿಲಿನಲ್ಲಿ. ಅದಕ್ಕಿಂತ ಹಳೆಯ ಕಾರಿನಲ್ಲಿ ಈ ಸ್ಕ್ಯಾನರ್ ದೋಷದ ಕೋಡ್ ಓದಿದರೂ ರೈಲ್ ಪ್ರೆಷರ್ ತೋರಿಸದೇ ಇರಬಹುದು. ಹಾಗಿದ್ದರೆ ಆ ಕಂಪನಿಯ ಗಾಡಿಗಳನ್ನು ಪೂರ್ತಿ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿನವರನ್ನು ಒಂದು ಟ್ರಯಲ್‌ಗೆ ಜೊತೆಗೆ ಕರೆದೊಯ್ಯುವುದೇ ಅಗ್ಗ.

ಉಳಿದಂತೆ ಬೇಕಾದವು: ಮೀಟರ್ ಇರುವ ಕೈ ವ್ಯಾಕ್ಯೂಮ್ ಪಂಪ್ (ಗಾಳಿ ಹೀರುವ ಪಂಪ್), ಮಲ್ಟಿಮೀಟರ್, ಡೀಸೆಲ್ಲಿಗೆ ಕರಗದ ಪಾರದರ್ಶಕ ಹೋಸ್ ಒಂದು ಮೀಟರ್, ಒಂದೇ ಅಳತೆಯ ನಾಲ್ಕು ಸಣ್ಣ ಬಾಟಲಿ, ಸೋಪು ನೀರಿನ ಸ್ಪ್ರೇ, ಟಾರ್ಚು. ಟರ್ಬೊ ಬಾಯಿಗೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ಒಂದನ್ನು ಪೈಪು ಅಂಗಡಿಯಲ್ಲಿ ತಂದು, ಅದರ ನಡುವೆ ರಂಧ್ರ ಕೊರೆದು ಟ್ಯೂಬ್‌ಲೆಸ್ ಟಯರಿನ ವಾಲ್ವ್ ಕೂರಿಸಿಕೊಳ್ಳಿ. ಮೂರನೇ ಹಂತದಲ್ಲಿ ಇದೇ ಮುಖ್ಯ ಆಯುಧ.

## ಹಂತ 1: ಬ್ಯಾಟರಿ ಮುಟ್ಟುವ ಮೊದಲು ಕೋಡ್ ಬರೆದಿಟ್ಟುಕೊಳ್ಳಿ

ಲೈಟ್ ಆರಿಸಲೆಂದು ಬ್ಯಾಟರಿ ಟರ್ಮಿನಲ್ ಬಿಚ್ಚುವುದು ಬಹಳ ಸಾಮಾನ್ಯವಾದ ತಪ್ಪು. ಕೋಡ್ ಜೊತೆಗೆ ಕಂಪ್ಯೂಟರ್ ಆ ಕ್ಷಣದ ಆರ್‌ಪಿಎಂ, ವೇಗ, ಲೋಡ್, ಎಂಜಿನ್ ಬಿಸಿ ಎಲ್ಲವನ್ನೂ ಫ್ರೀಜ್ ಫ್ರೇಮ್ ಎಂದು ಉಳಿಸಿರುತ್ತದೆ. ಟರ್ಮಿನಲ್ ಬಿಚ್ಚಿದರೆ ಆ ಸಾಕ್ಷಿ ಹೋಯಿತು.

ಈ ದೋಷದಲ್ಲಿ ಪದೇಪದೇ ಸಿಗುವ ಕೋಡುಗಳು ಇವು. ಪಿ0299 ಎಂದರೆ ಕೇಳಿದಷ್ಟು ಬೂಸ್ಟ್ ಬರುತ್ತಿಲ್ಲ. ಪಿ0234 ಎಂದರೆ ಕೇಳಿದ್ದಕ್ಕಿಂತ ಹೆಚ್ಚು ಬಂದಿದೆ. ಪಿ0087 ರೈಲಿನಲ್ಲಿ ಒತ್ತಡ ಕಡಿಮೆ, ಪಿ0088 ಹೆಚ್ಚು. ಪಿ0101 ಏರ್‌ಫ್ಲೋ ಸೆನ್ಸರಿನ ಲೆಕ್ಕ ಹೊಂದುತ್ತಿಲ್ಲ. ಪಿ0335 ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರಿನ ದೋಷ.

ಪಿ0299 ಬಂದ ಕೂಡಲೇ ಟರ್ಬೊ ಸತ್ತಿದೆ ಎಂದು ಓದಬೇಡಿ. ಹರಿದ ಹೋಸಿಗೂ, ಇಲಿ ಕಡಿದ ವ್ಯಾಕ್ಯೂಮ್ ಪೈಪಿಗೂ, ತೆರೆದುಕೊಂಡು ಸಿಕ್ಕಿಬಿದ್ದ ಇಜಿಆರ್ ವಾಲ್ವಿಗೂ (ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ಬರುವುದು ಅದೇ ಕೋಡ್.

ಇನ್ನೊಂದು ಪರೀಕ್ಷೆಗೆ ಖರ್ಚಿಲ್ಲ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ, ಬೂಸ್ಟ್ ಸೆನ್ಸರ್ ರೀಡಿಂಗ್ ನೋಡಿ. ಎಂಜಿನ್ ನಿಂತಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನ ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್, ಕುಶಾಲನಗರದಲ್ಲಿ ಸುಮಾರು 92, ಮಡಿಕೇರಿಯಲ್ಲಿ ಸುಮಾರು 88. ಮಡಿಕೇರಿಯಲ್ಲಿ ನಿಂತ ಎಂಜಿನ್ನಿನ ಸೆನ್ಸರ್ 100 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಕಂಪ್ಯೂಟರಿನಲ್ಲಿ ಹೊರ ಒತ್ತಡಕ್ಕೆ ಬೇರೆ ಸೆನ್ಸರ್ ಇದ್ದರೆ ಎರಡರ ನಡುವೆ 2–3 ಕಿಲೋಪಾಸ್ಕಲಿಗಿಂತ ಹೆಚ್ಚು ಅಂತರ ಇರಬಾರದು. ಬಯಲುಸೀಮೆಯಿಂದ ಬಂದ ಮೆಕ್ಯಾನಿಕ್ 88 ನೋಡಿ ಸೆನ್ಸರ್ ಕೆಟ್ಟಿದೆ ಎಂದು ಬದಲಿಸುವುದೂ ಉಂಟು. ಅದು ಬೆಟ್ಟದ ಗಾಳಿ, ದೋಷವಲ್ಲ.

## ಹಂತ 2: ಯಾವುದು ಮೊದಲು ಬಿತ್ತು? ಇಡೀ ಕೆಲಸದ ತಿರುಳು

ಸ್ಕ್ಯಾನರಿನಲ್ಲಿ ಐದು ಸಾಲುಗಳನ್ನು ಮಾತ್ರ ಆರಿಸಿ: ಆರ್‌ಪಿಎಂ, ಕೇಳಿದ ಬೂಸ್ಟ್, ಬಂದ ಬೂಸ್ಟ್, ಕೇಳಿದ ರೈಲ್ ಪ್ರೆಷರ್, ಬಂದ ರೈಲ್ ಪ್ರೆಷರ್. ಹೆಚ್ಚು ಸಾಲು ಆರಿಸಿದಷ್ಟೂ ಸ್ಕ್ಯಾನರ್ ನಿಧಾನವಾಗಿ ಅಸಲಿ ಕ್ಷಣ ತಪ್ಪಿಹೋಗುತ್ತದೆ.

ಓಡಿಸಲು ಒಬ್ಬರು, ರೀಡಿಂಗ್ ನೋಡಲು ಇನ್ನೊಬ್ಬರು ಇರಲಿ. ಮಂಜು, ಮಳೆ, ಬಸ್ಸುಗಳ ಸಾಲು ಇಲ್ಲದ ಹೊತ್ತು ನೋಡಿ. ಸಂಪಾಜೆಯಿಂದ ಮಡಿಕೇರಿಗೆ ಏರುವ ರಸ್ತೆ ಇದಕ್ಕೆ ಚೆನ್ನಾಗಿದೆ, ಏಕೆಂದರೆ ಲೋಡ್ ಬಹಳ ಹೊತ್ತು ಬಿಡದೆ ಸಿಗುತ್ತದೆ. ಮುಂದೆ ರಸ್ತೆ ಖಾಲಿ ಕಾಣುವ ನೇರ ಏರಿನಲ್ಲಿ ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ 3,000ದವರೆಗೆ ಪೂರ್ತಿ ಅದುಮಿ. ತಿರುವಿನಲ್ಲಿ ಬೇಡ.

ಈಗ ಲಾಗ್ ಓದಿ.

ಕೇಳಿದ ಬೂಸ್ಟ್ ಮೇಲೆ ಹೋಗಿ ಬಂದ ಬೂಸ್ಟ್ ಕೆಳಗೇ ಉಳಿದರೆ, ಅಷ್ಟು ಹೊತ್ತೂ ರೈಲ್ ಪ್ರೆಷರ್ ಕೇಳಿದಷ್ಟೇ ಬರುತ್ತಿದ್ದರೆ, ದೋಷ ಗಾಳಿಯ ಕಡೆ. 3ರಿಂದ 6ನೇ ಹಂತ ನಿಮ್ಮದು.

ಕೇಳಿದ ರೈಲ್ ಪ್ರೆಷರ್ ಮೇಲೆ ಇದ್ದು ಬಂದದ್ದು 100 ಬಾರ್‌ಗಿಂತ ಹೆಚ್ಚು ಕೆಳಗಿಳಿದು, ಇಳಿಯುತ್ತಲೇ ಹೋಗಿ, ಅದರ ಹಿಂದೆ ಬೂಸ್ಟ್ ಬಿದ್ದರೆ ದೋಷ ಡೀಸೆಲ್ ಕಡೆ. ಡೀಸೆಲ್ ಕಡಿಮೆ ಸುಟ್ಟರೆ ಹೊಗೆಗೆ ಬಿಸಿಯೂ ರಭಸವೂ ಇರುವುದಿಲ್ಲ, ಟರ್ಬೊ ತಿರುಗುವುದಿಲ್ಲ. ಈ ಕಾರಿಗೆ ಹೊಸ ಟರ್ಬೊ ಹಾಕಿದರೆ ದುಡ್ಡು ಹೊಳೆಗೆ ಹಾಕಿದ ಹಾಗೆ. 7 ಮತ್ತು 8ನೇ ಹಂತಕ್ಕೆ ಹೋಗಿ.

ಮೂರನೆಯದು ಹೆಚ್ಚಿನವರು ತಪ್ಪು ಓದುವ ಸ್ಥಿತಿ. ಕೇಳಿದ ರೈಲ್ ಪ್ರೆಷರೂ ಬಂದದ್ದೂ ಜೊತೆಜೊತೆಗೇ ಕೆಳಗಿಳಿಯುತ್ತವೆ. ನೋಡಿದವರು "ಪಂಪ್ ಹೋಯಿತು" ಎನ್ನುತ್ತಾರೆ. ಪಂಪಿಗೆ ಏನೂ ಆಗಿಲ್ಲ. ಕಂಪ್ಯೂಟರೇ ಬೇಕೆಂದು ಡೀಸೆಲ್ ಕಡಿಮೆ ಮಾಡಿದೆ. ಅದಕ್ಕೆ ಕಾರಣ ಬೂಸ್ಟ್ ಮಿತಿಮೀರಿದ್ದು, ಬೂಸ್ಟ್ ಸಾಲದಿದ್ದದ್ದು, ಎಂಜಿನ್ ಕಾದದ್ದು ಅಥವಾ ಆಕ್ಸಿಲರೇಟರ್ ಪೆಡಲ್ ಸೆನ್ಸರ್ ಗೊಂದಲ. ಈ ಇಳಿತಕ್ಕಿಂತ ಎರಡು ಮೂರು ಸೆಕೆಂಡ್ ಹಿಂದಿನ ಸಾಲುಗಳಲ್ಲಿ ಕಾರಣ ಇರುತ್ತದೆ, ಅಲ್ಲಿ ಹುಡುಕಿ.

ಸ್ಕ್ಯಾನರ್ ತೋರಿಸುವುದು ಹೊರಗಿನ ಗಾಳಿಯನ್ನೂ ಸೇರಿಸಿದ ಒತ್ತಡ ಎಂಬುದು ನೆನಪಿರಲಿ. ಅದರಲ್ಲಿ 200 ಎಂದು ಬಂದರೆ ಮಡಿಕೇರಿಯಲ್ಲಿ ಟರ್ಬೊ ನಿಜಕ್ಕೂ ಸೇರಿಸಿದ್ದು 112, ಮಂಗಳೂರಿನಲ್ಲಿ 99. ಮೇಲೆ ಏರಿದಷ್ಟೂ ಅದೇ ಅಂಕಿಗೆ ಟರ್ಬೊ ಹೆಚ್ಚು ದುಡಿಯಬೇಕು. ಕೆಳಗೆ ಕಾಣದ ಸಣ್ಣ ಲೀಕು ಮೇಲೆ ಲೈಟ್ ಹತ್ತಿಸುವುದು ಇದರಿಂದಲೇ.

## ಹಂತ 3: ಗಾಳಿಯ ದಾರಿ, ಲೀಕ್ ಪರೀಕ್ಷೆ

ಏರ್ ಫಿಲ್ಟರ್ ಡಬ್ಬಿಯಿಂದ ಶುರು ಮಾಡಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಫಿಲ್ಟರ್ ಕಾಗದ ಒದ್ದೆಯಾಗಿ ಉಬ್ಬಿ ಗಾಳಿ ಕಟ್ಟುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಡಬ್ಬಿಯ ಮೂತಿಯೊಳಗೆ ಇಲಿಗೂಡು, ಕಣಜದ ಮಣ್ಣು, ಸಿಲ್ವರ್ ಓಕ್ ಎಲೆ ಸಿಗುವುದು ಹೊಸತಲ್ಲ.

ಫಿಲ್ಟರಿನಿಂದ ಟರ್ಬೊವರೆಗಿನ ಹೋಸನ್ನು ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಹಳೇ ಹೋಸಿನ ಒಳಪದರ ಕಳಚಿದ್ದರೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಎಂಜಿನ್ ಜೋರಾಗಿ ಎಳೆದಾಗ ಮಾತ್ರ ಒಳಪದರ ಒಟ್ಟಾಗಿ ದಾರಿ ಮುಚ್ಚುತ್ತದೆ.

ಟರ್ಬೊ ಆದ ಮೇಲಿನ ಭಾಗಕ್ಕೆ ಗಾಳಿ ತುಂಬಿ ಪರೀಕ್ಷಿಸುವುದೊಂದೇ ಸರಿಯಾದ ದಾರಿ.

1. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಟರ್ಬೊಗೆ ಗಾಳಿ ಹೋಗುವ ಹೋಸ್ ಬಿಚ್ಚಿ, ಟರ್ಬೊ ಬಾಯಿಗೆ ವಾಲ್ವ್ ಕೂರಿಸಿದ ಕ್ಯಾಪನ್ನು ರಬ್ಬರ್ ತುಂಡು ಮತ್ತು ಕ್ಲಿಪ್ಪಿನಿಂದ ಬಿಗಿಯಿರಿ. ಏರ್‌ಫ್ಲೋ ಸೆನ್ಸರ್ ಇದರಿಂದ ಹೊರಗುಳಿಯಬೇಕು.
2. ಕಂಪ್ರೆಸರಿನಿಂದ ನಿಧಾನಕ್ಕೆ 0.5 ಬಾರ್, ಹೆಚ್ಚೆಂದರೆ 0.7 ಬಾರ್ ತುಂಬಿ. ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ 7ರಿಂದ 10 ಪಿಎಸ್‌ಐ. ಅದಕ್ಕಿಂತ ಮೇಲೆ ಹೋದರೆ ಎಂಜಿನ್ ಆಯಿಲ್ ಸೀಲಿಗೆ ಪೆಟ್ಟು, ಕ್ಯಾಪ್ ಹಾರಿ ಮುಖಕ್ಕೆ ಬಡಿಯುವ ಅಪಾಯ ಬೇರೆ. ಕ್ಯಾಪಿನ ನೇರಕ್ಕೆ ನಿಲ್ಲಬೇಡಿ.
3. ಪ್ರತಿ ಜಾಯಿಂಟಿಗೂ, ಹೋಸಿನ ಅಡಿಗೂ, ಇಂಟರ್‌ಕೂಲರಿನ (ಬೂಸ್ಟ್ ಗಾಳಿಯನ್ನು ತಣಿಸುವ ಭಾಗ) ಅಂಚಿಗೂ ಸೋಪು ನೀರು ಹೊಡೆಯಿರಿ. ನೊರೆ ಎದ್ದ ಕಡೆ ಲೀಕು.

ಆಯಿಲ್ ತುಂಬುವ ಮುಚ್ಚಳದ ಕಡೆಯಿಂದ ಸಣ್ಣಗೆ ಗಾಳಿಯ ಸದ್ದು ಬಂದರೆ ಹೆದರಬೇಡಿ. ತೆರೆದ ವಾಲ್ವ್ ಮೂಲಕ ಸಿಲಿಂಡರಿಗೆ ಹೋದ ಗಾಳಿ ರಿಂಗ್ ದಾಟಿ ಬರುತ್ತದೆ.

ಹೋಸಿನ ಸೀಳು ಹೆಚ್ಚಾಗಿ ಕೆಳಭಾಗದ ಮಡಿಕೆಯಲ್ಲಿರುತ್ತದೆ, ಮೇಲಿನಿಂದ ಬಗ್ಗಿ ನೋಡಿದರೆ ಕಾಣದು. ಬೆರಳ ತುದಿಯಲ್ಲಿ ಸವರಿ. ಲೀಕಾಗುವ ಜಾಗದಲ್ಲಿ ಆಯಿಲ್ ಮಂಜು ಹೊರಬಂದು ಕೆಮ್ಮಣ್ಣಿನ ಧೂಳು ಅಂಟಿ ಬೀಸಣಿಗೆ ಆಕಾರದ ಕಪ್ಪು ಕಲೆ ಮಾಡಿರುತ್ತದೆ. ಆ ಕಲೆಯ ಚೂಪು ತುದಿ ಸೀಳಿನ ಕಡೆ ತೋರಿಸುತ್ತದೆ. ಹೋಸ್ ಗಾಳಿ ತುಂಬಿದಾಗಷ್ಟೇ ಬಾಯಿ ಬಿಡುವುದರಿಂದ ಇಂಥ ಸೀಳು ಐಡಲಿನಲ್ಲಿ ಸದ್ದು ಮಾಡದು.

ಇಂಟರ್‌ಕೂಲರಿನ ಮೂತಿ ಪ್ಲಾಸ್ಟಿಕ್ಕಿನದಾದರೆ ಕ್ಲಿಪ್ಪನ್ನು ಅತಿಯಾಗಿ ಬಿಗಿಯಬೇಡಿ, ಮೂತಿಯೇ ಸೀಳುತ್ತದೆ. ಸೀಳಿದ ಹೋಸಿಗೆ ಟೇಪ್ ಸುತ್ತಿದರೆ ಮನೆ ಮುಟ್ಟಲು ಸಾಕಾದೀತು, ಘಟ್ಟ ಹತ್ತಲು ಸಾಲದು.

ಪೈಪಿನೊಳಗೆ ತೆಳ್ಳಗೆ ಆಯಿಲ್ ಸವರಿದಂತೆ ಇರುವುದು ಸಹಜ, ಎಂಜಿನ್ ಬ್ರೀದರಿನಿಂದ ಬರುವಂಥದು. ಇಂಟರ್‌ಕೂಲರಿನ ಅಡಿಯಲ್ಲಿ ಆಯಿಲ್ ನಿಂತು ಸುರಿದರೆ ಮಾತ್ರ ಆರನೇ ಹಂತವನ್ನು ಎಚ್ಚರದಿಂದ ಓದಿ.

## ಹಂತ 4: ವ್ಯಾಕ್ಯೂಮ್ ಪೈಪು, ಆಕ್ಚುಯೇಟರ್, ಸೊಲೆನಾಯ್ಡ್

ನಿಮ್ಮ ಟರ್ಬೊ ಯಾವ ಬಗೆಯದೆಂದು ತಿಳಿಯದೆ ಇಲ್ಲಿ ಕೈ ಹಾಕಬೇಡಿ. ಬಗೆ ಬದಲಾದರೆ ಅದೇ ದೋಷಕ್ಕೆ ಪರಿಣಾಮ ತಿರುಗಾಮುರುಗ.

ಒಳಗಿನ ರೆಕ್ಕೆಗಳು ಹೊರಳುವ ವೇರಿಯಬಲ್ ಟರ್ಬೊದಲ್ಲಿ ಸಾಮಾನ್ಯವಾಗಿ ವ್ಯಾಕ್ಯೂಮ್ ಎಳೆದಾಗ ರೆಕ್ಕೆ ಮುಚ್ಚಿ ಬೂಸ್ಟ್ ಏರುತ್ತದೆ. ಎಂಹಾಕ್ ಸ್ಕಾರ್ಪಿಯೊ ಈ ರೆಕ್ಕೆಯ ಟರ್ಬೊ ಇರುವ ಗಾಡಿ. ಇಂಥವುಗಳಲ್ಲಿ ವ್ಯಾಕ್ಯೂಮ್ ಪೈಪ್ ತೂತಾದರೆ ಬೂಸ್ಟ್ ಬರುವುದಿಲ್ಲ. ಬೂಸ್ಟ್ ಗಾಳಿಯಿಂದಲೇ ತೆರೆಯುವ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊ ತಪ್ಪಿಸಿ ಹೊರಬಿಡುವ ಬಾಗಿಲು) ಇರುವ ಸಾದಾ ಟರ್ಬೊದಲ್ಲಿ ಹಾಗಲ್ಲ. ಅದರ ಸಣ್ಣ ಹೋಸ್ ತೂತಾದರೆ ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ಮಿತಿಮೀರುತ್ತದೆ, ಪಿ0234 ಬಂದು ಕಂಪ್ಯೂಟರ್ ಡೀಸೆಲ್ ಕತ್ತರಿಸುತ್ತದೆ. ಘಟ್ಟದಲ್ಲಿ ರಪ್ಪೆಂದು ಒದ್ದಂತೆ ಆಗಿ ಪಿಕಪ್ ನಿಲ್ಲುವುದು ಹೀಗೆ.

ವ್ಯಾಕ್ಯೂಮ್ ಮೂಲದಿಂದ ಪರೀಕ್ಷೆ ಶುರುವಾಗಲಿ. ಎಂಜಿನ್ನಿನ ವ್ಯಾಕ್ಯೂಮ್ ಪಂಪಿನಿಂದ ಬರುವ ಪೈಪಿಗೆ ಮೀಟರ್ ಹಾಕಿ ಎಂಜಿನ್ ಐಡಲಿನಲ್ಲಿ ಬಿಡಿ. ಸಮುದ್ರಮಟ್ಟದಲ್ಲಿ ಒಳ್ಳೆಯ ಪಂಪು 680 ಮಿಲಿಮೀಟರ್ ಪಾದರಸದ ಆಸುಪಾಸು ತೋರಿಸಿದರೆ, ಮಡಿಕೇರಿಯಲ್ಲಿ ಅದೇ ಪಂಪು 580–600 ತೋರಿಸುತ್ತದೆ. ಇಲ್ಲಿ ಹೊರಗಿನ ಒತ್ತಡವೇ 660ರಷ್ಟು, ಅದಕ್ಕಿಂತ ಹೆಚ್ಚು ಎಳೆಯಲು ಯಾವ ಪಂಪಿಗೂ ಆಗದು. ಪುಸ್ತಕದ ಅಂಕಿ ಬರಲಿಲ್ಲವೆಂದು ಪಂಪ್ ಬಿಚ್ಚಬೇಡಿ.

ಆಮೇಲೆ ಆಕ್ಚುಯೇಟರಿಗೆ (ಕಡ್ಡಿ ಎಳೆದು ರೆಕ್ಕೆ ಹೊರಳಿಸುವ ಡಬ್ಬಿ) ಕೈ ಪಂಪ್ ಜೋಡಿಸಿ ನಿಧಾನವಾಗಿ ಎಳೆಯಿರಿ. ಕಡ್ಡಿ ಹೆಚ್ಚಿನ ಕಾರುಗಳಲ್ಲಿ 100–150 ಮಿಲಿಮೀಟರಿಗೆ ಅಲುಗಲು ಶುರುವಾಗಿ 450–500ಕ್ಕೆ ಪೂರ್ತಿ ಒಳಸೇರುತ್ತದೆ. ನೋಡಬೇಕಾದದ್ದು ಅಂಕಿಗಿಂತ ಚಲನೆಯ ರೀತಿ. ಕಡ್ಡಿ ಒಂದೇ ಸಮನೆ ಜಾರಬೇಕು. ತಡೆದು ತಡೆದು ಜಿಗಿದರೆ ರೆಕ್ಕೆಗಳಲ್ಲಿ ಮಸಿ ಕಟ್ಟಿದೆ. ಪೂರ್ತಿ ಎಳೆದು ಒಂದು ನಿಮಿಷ ಬಿಡಿ, ಮುಳ್ಳು ಇಳಿದರೆ ಒಳಗಿನ ರಬ್ಬರ್ ಪರದೆ (ಡಯಾಫ್ರಾಮ್) ಹರಿದಿದೆ. ಗಾಳಿ ಬಿಟ್ಟಾಗ ಕಡ್ಡಿ ತಡವಿಲ್ಲದೆ ಹಿಂದಿರುಗಬೇಕು. ಹಿಂದಿರುಗಲು ತಡಮಾಡುವ ಕಡ್ಡಿಯೇ ಪಿ0234ಕ್ಕೆ ಮೂಲ.

ತೋಟದ ದಾರಿಯಲ್ಲಿ ದಿನವಿಡೀ ಒಂದು, ಎರಡನೇ ಗೇರಿನಲ್ಲೇ ಓಡುವ ಗಾಡಿಗಳಿಗೆ ಈ ಮಸಿ ಬೇಗ ಕಟ್ಟುತ್ತದೆ, ಹೊಗೆ ಎಂದೂ ಸರಿಯಾಗಿ ಬಿಸಿಯಾಗುವುದಿಲ್ಲ. ಹಿಡಿತ ಕಡಿಮೆಯಿದ್ದರೆ ಕೈ ಪಂಪಿನಲ್ಲಿ ಇಪ್ಪತ್ತು ಮೂವತ್ತು ಸಲ ಆಡಿಸಿ, ಆಮೇಲೆ ಲೋಡಿನಲ್ಲಿ 2,500–3,000 ಆರ್‌ಪಿಎಂ ಹಿಡಿದು ಅರ್ಧ ಗಂಟೆ ಓಡಿಸಿದರೆ ಬಿಡಿಸಿಕೊಳ್ಳಬಹುದು. ಬಿಡದಿದ್ದರೆ ಟರ್ಬೊ ಇಳಿಸಿ ರೆಕ್ಕೆಯ ಭಾಗ ಶುಚಿಮಾಡಬೇಕು. ಕಡ್ಡಿಯ ಬುಡದ ಸ್ಟಾಪ್ ಸ್ಕ್ರೂ ಮತ್ತು ಕಡ್ಡಿಯ ನಟ್ಟನ್ನು ಮಾತ್ರ ತಿರುಗಿಸಬೇಡಿ. ಅದನ್ನು ಕಾರ್ಖಾನೆಯಲ್ಲಿ ಯಂತ್ರದ ಮೇಲೆ ಗಾಳಿ ಅಳೆದು ಕೂರಿಸಿರುತ್ತಾರೆ, ಕಣ್ಣಂದಾಜಿಗೆ ಮತ್ತೆ ಸಿಗುವುದಿಲ್ಲ.

ಆಕ್ಚುಯೇಟರಿಗೆ ವ್ಯಾಕ್ಯೂಮ್ ಕೊಟ್ಟು ಬಿಡುವ ವಿದ್ಯುತ್ ವಾಲ್ವ್ ಆದ ಸೊಲೆನಾಯ್ಡ್‌ನ ಕಾಯಿಲಿಗೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 10ರಿಂದ 20 ಓಮ್ ಬರುತ್ತದೆ. ಓಮ್ ಸರಿ ಬಂದರೂ ಗಾಳಿ ಬಿಡುವ ಅದರ ಸಣ್ಣ ಸ್ಪಂಜ್ ಫಿಲ್ಟರ್ ಕಟ್ಟಿದ್ದರೆ ವ್ಯಾಕ್ಯೂಮ್ ಬಿಟ್ಟುಕೊಡದೆ ಬೂಸ್ಟ್ ಮಿತಿಮೀರುತ್ತದೆ. ಹಿಂದೆ ಯಾರೋ ಬಿಚ್ಚಿದ ಗಾಡಿಯಾದರೆ ಪೈಪುಗಳು ಅದಲುಬದಲಾಗಿವೆಯೇ ಎಂದೂ ನೋಡಿ. ಬಿಚ್ಚುವ ಮುನ್ನ ಫೋನಿನಲ್ಲಿ ಫೋಟೊ ತೆಗೆಯುವ ಅಭ್ಯಾಸ ಇಲ್ಲಿ ಬಹಳ ಸಮಯ ಉಳಿಸುತ್ತದೆ.

## ಹಂತ 5: ಏರ್‌ಫ್ಲೋ ಸೆನ್ಸರ್ ಮತ್ತು ಇಜಿಆರ್

ಇಜಿಆರ್ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಬೂಸ್ಟ್ ಗಾಳಿ ಹೊಗೆಯ ದಾರಿಗೆ ಸೋರುತ್ತದೆ, ಕಪ್ಪು ಹೊಗೆ ಬರುತ್ತದೆ. ಬಿಚ್ಚಿ ಮಸಿ ಕೆರೆದು ಬಾಯಿ ಸಮನಾಗಿ ಕೂರುತ್ತದೆಯೇ ನೋಡಿ.

ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಇರುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ. ಕಾರ್ಬ್ಯುರೇಟರ್ ಕ್ಲೀನರ್, ಪೆಟ್ರೋಲ್, ಕಂಪ್ರೆಸರ್ ಗಾಳಿ ಎಲ್ಲವೂ ಅದರ ಪದರವನ್ನು ಹಾಳುಮಾಡುತ್ತವೆ. ತೊಳೆದು ಚೆನ್ನಾಗಿ ಒಣಗಿಸಿ ಹಾಕಿದ ಮೇಲೆ, ಇಜಿಆರ್ ಮುಚ್ಚಿರುವಾಗ 1.3 ಲೀಟರ್ ಎಂಜಿನ್ ಐಡಲಿನಲ್ಲಿ ಮಡಿಕೇರಿಯ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 8 ಗ್ರಾಂ ಗಾಳಿ ಎಳೆಯುತ್ತದೆ. ಐದಕ್ಕಿಂತ ಕೆಳಗಿದ್ದರೆ ಸೆನ್ಸರ್ ಇಲ್ಲವೇ ಇಜಿಆರ್ ಮೇಲೆ ಅನುಮಾನ ಪಡಿ.

## ಹಂತ 6: ಟರ್ಬೊವನ್ನೇ ಪರೀಕ್ಷಿಸುವುದು

ಇಲ್ಲಿವರೆಗೆ ಎಲ್ಲ ಸರಿಯಿದ್ದರಷ್ಟೇ ಟರ್ಬೊ ಮುಟ್ಟಿ. ತಣ್ಣಗಿನ ಎಂಜಿನ್ನಿನಲ್ಲಿ ಗಾಳಿ ಬಾಯಿಯ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ಸಹಜ, ಏಕೆಂದರೆ ಶಾಫ್ಟ್ ತೇಲುವುದು ಆಯಿಲ್ ಪದರದ ಮೇಲೆ. ಹಿಂದೆಮುಂದೆ ಎಳೆದಾಗ ಆಟ ಕೈಗೆ ತಿಳಿಯಬಾರದು. ರೆಕ್ಕೆಯ ತುದಿ ಗೋಡೆಗೆ ತಾಗಿದ ಗೀರು, ಬಾಗಿದ ಅಂಚು ಕಂಡರೆ ಅದರ ಕಥೆ ಮುಗಿಯಿತು.

ಇದನ್ನು ತಪ್ಪದೆ ಓದಿ. ನೀಲಿ ಹೊಗೆ ದಟ್ಟವಾಗಿ ಬಂದು, ದಿನೇದಿನೇ ಆಯಿಲ್ ಇಳಿಯುತ್ತಿದ್ದರೆ ಆ ಗಾಡಿಯನ್ನು ಘಟ್ಟಕ್ಕೆ ಒಯ್ಯಬೇಡಿ. ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ತನ್ನದೇ ಆಯಿಲನ್ನು ಡೀಸೆಲ್ಲಿನಂತೆ ಸುಟ್ಟು ತಾನಾಗಿ ರೇಸ್ ಆಗುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಹಾಗಾದರೆ ಬ್ರೇಕನ್ನು ಬಲವಾಗಿ ಒತ್ತಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅತಿ ಮೇಲಿನ ಗೇರಿಗೆ ಹಾಕಿ ಬ್ರೇಕ್ ಬಿಡದೆಯೇ ಕ್ಲಚ್ ಒಮ್ಮೆಲೇ ಬಿಡಿ, ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ದೂರ ಸರಿಯಿರಿ. ಗಾಳಿ ಬಾಯಿಯನ್ನು ಕೈಯಿಂದ ಮುಚ್ಚಲು ಹೋದರೆ ಬೆರಳು ಉಳಿಯದು.

ಟರ್ಬೊ ಬದಲಿಸುವುದೇ ಆದರೆ ಹಳೆಯದು ಯಾಕೆ ಸತ್ತಿತೆಂದು ಕಂಡುಹಿಡಿದು ಬದಲಿಸಿ. ಆಯಿಲ್ ಬರುವ ಪೈಪಿನಲ್ಲಿ ಇದ್ದಿಲು ಕಟ್ಟಿರುವುದು, ಹಿಂದಿರುಗುವ ಪೈಪ್ ಕಟ್ಟಿರುವುದು ಸಾಮಾನ್ಯ ಕಾರಣ. ಬರುವ ಪೈಪನ್ನು ತೊಳೆಯುವ ಬದಲು ಹೊಸದನ್ನೇ ಹಾಕಿ. ಹೊಸ ಆಯಿಲ್, ಫಿಲ್ಟರ್ ಹಾಕಿ, ಟರ್ಬೊದ ಆಯಿಲ್ ರಂಧ್ರಕ್ಕೆ ಶುದ್ಧ ಆಯಿಲ್ ತುಂಬಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿ. ಒಣ ಬೇರಿಂಗಿನ ಮೇಲೆ ಕೆಲವೇ ಸೆಕೆಂಡ್ ತಿರುಗಿದರೂ ಹೊಸ ಟರ್ಬೊ ಹಳತಾಗುತ್ತದೆ.

## ಹಂತ 7: ಡೀಸೆಲ್ ಕಡೆ, ಕಡಿಮೆ ಒತ್ತಡದ ಭಾಗ

ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂಬುದನ್ನು ಮೊದಲು ನೋಡಿ. ಕಾಲುಭಾಗಕ್ಕಿಂತ ಕಡಿಮೆಯಿದ್ದು ಕಡಿದಾದ ಏರಿನಲ್ಲಿ ಮಾತ್ರ ಎಂಜಿನ್ ತಡವರಿಸಿದರೆ, ಟ್ಯಾಂಕಿನೊಳಗಿನ ಪೈಪಿನ ಬಾಯಿ ಗಾಳಿ ಎಳೆಯುತ್ತಿರಬಹುದು. ಅರ್ಧ ಟ್ಯಾಂಕ್ ತುಂಬಿಸಿ ಅದೇ ಏರಿನಲ್ಲಿ ನೋಡಿ.

ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಬಿಡಿ. ಕಾಲು ಗಂಟೆ ಅಲುಗಿಸದೆ ಇಡಿ. ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ನಡುವೆ ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ, ಟ್ಯಾಂಕ್ ಇಳಿಸಿ ತೊಳೆಯದೆ ಫಿಲ್ಟರ್ ಬದಲಿಸಿ ಫಲವಿಲ್ಲ. ಮಿಣಮಿಣ ಮಿಂಚುವ ಲೋಹದ ಪುಡಿ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ. ಹೈ ಪ್ರೆಷರ್ ಪಂಪ್ ಒಳಗೇ ಸವೆದು ಉದುರುತ್ತಿದೆ, ಓಡಿಸಿದಷ್ಟೂ ಆ ಪುಡಿ ಇಂಜೆಕ್ಟರುಗಳಿಗೆ ಹೋಗುತ್ತದೆ.

ನೀರು ಬರುವ ದಾರಿ ಹೆಚ್ಚಾಗಿ ತೋಟದ ಬ್ಯಾರಲ್. ಹೊರಗೆ ನೇರ ನಿಲ್ಲಿಸಿದ ಬ್ಯಾರಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗಿ, ರಾತ್ರಿ ಚಳಿಗೆ ಕುಗ್ಗುವಾಗ ಬಿರಡೆಯ ಸಂದಿನಿಂದ ಆ ನೀರನ್ನೇ ಒಳಗೆಳೆಯುತ್ತದೆ. ಬ್ಯಾರಲನ್ನು ಮಾಡಿನಡಿ ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಡೀಸೆಲ್ ಮಟ್ಟದ ಕೆಳಗೆ ಒಂದೇ ಎತ್ತರದಲ್ಲಿರಲಿ. ತೆಗೆಯುವ ಹಿಂದಿನ ದಿನವೇ ಎತ್ತಿ ನಿಲ್ಲಿಸಿ, ತಳದ ನಾಲ್ಕು ಬೆರಳಷ್ಟನ್ನು ಗಾಡಿಗೆ ಹಾಕಬೇಡಿ.

ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಪಾರದರ್ಶಕ ಹೋಸ್ ಜೋಡಿಸಿ. ಸ್ಟಾರ್ಟ್ ಆದಾಗ ಕೆಲವು ಗುಳ್ಳೆ ಹೋಗುವುದು ಸರಿ. ಬಿಡದೆ ಗುಳ್ಳೆ ಬರುತ್ತಿದ್ದರೆ ಎಲ್ಲೋ ಗಾಳಿ ಹಿಡಿಯುತ್ತಿದೆ: ಫಿಲ್ಟರಿನ ಓ ರಿಂಗ್, ಕೈ ಪ್ರೈಮರ್, ಕ್ಲಿಪ್ ಹಾಕಿದ ಜಾಯಿಂಟ್, ಇಲಿ ಕಡಿದ ರಬ್ಬರ್. ಎಳೆತದ ಭಾಗದಲ್ಲಿ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಬರುತ್ತದೆ. ಆದ್ದರಿಂದ ಒಣಗಿದ್ದ ಜಾಯಿಂಟನ್ನೂ ನಂಬಬೇಡಿ.

ಇಪ್ಪತ್ತು ನಿಮಿಷ ಓಡಿ ಸತ್ತು, ಹತ್ತು ನಿಮಿಷ ನಿಂತರೆ ಮತ್ತೆ ಓಡುವ ಗಾಡಿಯಲ್ಲಿ ಟ್ಯಾಂಕಿನ ಜಾಲರಿಗೆ ಕಸ ಅಂಟುತ್ತಿದೆ. ಎಳೆತ ನಿಂತಾಗ ಕಸ ಉದುರುತ್ತದೆ, ಮತ್ತೆ ಅಂಟುತ್ತದೆ. ಸತ್ತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆದಾಗ ಸುಯ್ಯೆಂದು ಗಾಳಿ ಒಳನುಗ್ಗಿದರೆ ಕಟ್ಟಿದ್ದು ಗಾಳಿಕಿಂಡಿ. ಕಣಜ ಅಲ್ಲಿಯೂ ಗೂಡು ಕಟ್ಟುತ್ತದೆ.

## ಹಂತ 8: ಹೈ ಪ್ರೆಷರ್ ಭಾಗ

ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವ ಹಳೇ ಅಭ್ಯಾಸ ಕಾಮನ್ ರೈಲಿನಲ್ಲಿ ಪ್ರಾಣಕ್ಕೇ ಕುತ್ತು. ಐಡಲಿನಲ್ಲೇ ಒಳಗೆ 250–350 ಬಾರ್ ಇರುತ್ತದೆ, ಲೋಡಿನಲ್ಲಿ ಸಾವಿರ ದಾಟುತ್ತದೆ. ಸೂಜಿಯಂತೆ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಫ್ ಮಾಡಿ ಕನಿಷ್ಠ ಹತ್ತು ನಿಮಿಷ ಕಳೆಯದೆ ಪೈಪ್ ಮುಟ್ಟಬೇಡಿ, ಸೋರಿಕೆಯನ್ನು ಕೈಯಿಂದ ಹುಡುಕಬೇಡಿ.

ನೀವೇ ಮಾಡಬಹುದಾದ ಪರೀಕ್ಷೆ ರಿಟರ್ನ್ ಅಳತೆ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪುಗಳನ್ನು ನಾಲ್ಕು ಬಾಟಲಿಗೆ ಬಿಟ್ಟು, ಮೂಲ ರಿಟರ್ನ್ ಪೈಪಿನ ಬಾಯಿ ಮುಚ್ಚಿ, ಬಿಸಿ ಎಂಜಿನನ್ನು ಐಡಲಿನಲ್ಲಿ ಕೆಲ ನಿಮಿಷ ಓಡಿಸಿ. ನಾಲ್ಕೂ ಹೆಚ್ಚುಕಡಿಮೆ ಸಮನಾಗಿ ತುಂಬಬೇಕು. ಒಂದು ಉಳಿದವುಗಳ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ನಾಲ್ಕೂ ಸಮ ಇದ್ದು ರೈಲ್ ಪ್ರೆಷರ್ ಬೀಳುತ್ತಿದ್ದರೆ ಪಂಪಿನ ಅಳತೆ ವಾಲ್ವ್, ರೈಲಿನ ಕೊನೆಯ ಸುರಕ್ಷಾ ವಾಲ್ವ್, ಕೊನೆಗೆ ಪಂಪ್ ಎಂಬ ಕ್ರಮದಲ್ಲಿ ಹೋಗಿ. ಇದಕ್ಕೆ ಟೆಸ್ಟ್ ಬೆಂಚ್ ಬೇಕು, ಮೈಸೂರಿನಲ್ಲೋ ಮಂಗಳೂರಿನಲ್ಲೋ ಡೀಸೆಲ್ ಪಂಪ್ ಕೆಲಸದವರ ಬಳಿ ಬಿಡಿಸಿ. ಬೆಂಚ್ ರಿಪೋರ್ಟ್ ಕೇಳಿ ಪಡೆಯಿರಿ. ಇಂಜೆಕ್ಟರ್ ಬದಲಿಸಿದರೆ ಅದರ ಮೈಮೇಲಿನ ಕೋಡನ್ನು ಕಂಪ್ಯೂಟರಿಗೆ ಬರೆಯಬೇಕಾದ ಕಾರುಗಳೂ ಇವೆ, ಮರೆಯಬೇಡಿ.

## ಹಂತ 9: ಎಂಜಿನ್ ಏಕಾಏಕಿ ಆಫ್ ಆದರೆ

ತಡವರಿಸಿ, ಉಗುಳಿ ನಿಂತರೆ ಡೀಸೆಲ್. ಸ್ವಿಚ್ ಒತ್ತಿದಂತೆ ಕಟ್ ಆದರೆ ವಿದ್ಯುತ್. ಆ ಕ್ಷಣ ಗಾಡಿ ಇನ್ನೂ ಉರುಳುತ್ತಾ ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರನ್ನೇ ಮೊದಲು ನೋಡಿ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವುದು ಅದರ ಗುಣ.

ಉಳಿದಂತೆ ಎಂಜಿನ್ ರಿಲೇ, ಅರ್ಥ್ ವೈರ್, ಹಸಿರು ತುಕ್ಕು ಹಿಡಿದ ಕನೆಕ್ಟರ್. ಮಳೆಗಾಲದಲ್ಲಿ ಇವೇ ಹೆಚ್ಚು. ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಡೀಸೆಲ್ ಕಡಿಯುವ ಸ್ವಿಚ್ ಇದ್ದು ದೊಡ್ಡ ಗುಂಡಿಗೆ ಬಿದ್ದರೂ ಎಗರುತ್ತದೆ. ಅದರ ಗುಂಡಿ ಒತ್ತುವ ಮೊದಲು ಎಲ್ಲಿಯೂ ಡೀಸೆಲ್ ಸೋರುತ್ತಿಲ್ಲವೆಂದು ನೋಡಿ.

## ಹಂತ 10: ಕಂಪ್ಯೂಟರ್ ಇಲ್ಲದ ಹಳೇ ಡಿಐ ಗಾಡಿಗಳಿಗೆ

ಸ್ಕ್ಯಾನರ್ ಬೇಡ, ಸಾದಾ ಬೂಸ್ಟ್ ಮೀಟರ್ ಸಾಕು. ಕೆಲವು ಪಂಪುಗಳ ತಲೆಯ ಮೇಲೆ ಬೂಸ್ಟ್ ಗಾಳಿಯಿಂದ ಕೆಲಸ ಮಾಡುವ ಡಯಾಫ್ರಾಮ್ ಇರುತ್ತದೆ. ಅದಕ್ಕೆ ಹೋಗುವ ಸಣ್ಣ ಹೋಸ್ ಸೀಳಿದರೆ ಟರ್ಬೊ ಸರಿಯಿದ್ದರೂ ಪಂಪ್ ಹೆಚ್ಚಿನ ಡೀಸೆಲ್ ಕೊಡುವುದಿಲ್ಲ, ಹೊಗೆಯೂ ಇಲ್ಲ, ಪಿಕಪ್ಪೂ ಇಲ್ಲ. ಏಕಾಏಕಿ ಆಫ್ ಆದರೆ ಪಂಪಿನ ಸ್ಟಾಪ್ ಸೊಲೆನಾಯ್ಡಿನ ವೈರ್ ನೋಡಿ. ಕೀ ಆನ್ ಮಾಡಿದಾಗ ಅಲ್ಲಿ 12 ವೋಲ್ಟ್ ಬಂದು ಟಕ್ ಎಂಬ ಸದ್ದು ಕೇಳಬೇಕು.

## ಹಂತ 11: ದುರಸ್ತಿ ಆದ ಮೇಲೆ ಅದೇ ಏರಿನಲ್ಲಿ ಮತ್ತೆ

ಒಂದು ಸಲಕ್ಕೆ ಒಂದೇ ಭಾಗ ಸರಿಮಾಡಿ, ಕೋಡ್ ಅಳಿಸಿ, ಅದೇ ರಸ್ತೆ, ಅದೇ ಗೇರ್, ಅದೇ ಲೋಡಿನಲ್ಲಿ ಎರಡನೇ ಹಂತದ ಲಾಗನ್ನು ಮತ್ತೆ ತೆಗೆಯಿರಿ. ಖಾಲಿ ಗಾಡಿಯಲ್ಲಿ ಸರಿಯಿದ್ದು ಕಾಫಿ ಚೀಲ ಹೇರಿದಾಗ ಬರುವ ದೋಷವಾದರೆ ಟ್ರಯಲ್ಲೂ ಚೀಲ ಹೇರಿಯೇ ಆಗಬೇಕು. ಬೂಸ್ಟ್ ಏರುವುದು ಮುಗಿದು ಸ್ಥಿರವಾಗಿ ಎಳೆಯುವಾಗ ಕೇಳಿದ ಬೂಸ್ಟಿಗೂ ಬಂದದ್ದಕ್ಕೂ 10–15 ಕಿಲೋಪಾಸ್ಕಲಿನೊಳಗಿನ ಅಂತರ ಇದ್ದರೆ ಒಳ್ಳೆಯದು. ಗೇರ್ ಬದಲಿಸಿದ ಕ್ಷಣದ ಜಿಗಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇಲೆ ತಲುಪಿ ನಿಲ್ಲಿಸಿದಾಗ ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ. ಮರುದಿನ ತಣ್ಣಗಿನ ಎಂಜಿನ್ನಿನಲ್ಲಿ ಆಯಿಲ್ ಮಟ್ಟ ನೋಡಿ, ಸ್ಕ್ಯಾನರ್ ಹಾಕಿ ಪೆಂಡಿಂಗ್ ಕೋಡುಗಳ ಪುಟ ತೆರೆಯಿರಿ. ಚೆಕ್ ಲೈಟ್ ಹತ್ತದಿದ್ದರೂ ಅಲ್ಲಿ ಪಿ0299 ಕೂತಿದ್ದರೆ ಲೀಕು ಇನ್ನೂ ಇದೆ. ಮೂರನೇ ಹಂತದ ಕ್ಯಾಪನ್ನು ಮತ್ತೆ ಕೈಗೆತ್ತಿಕೊಳ್ಳಿ.